ಹಗ್ಗದ ಕೆಳತುದಿ

ಮಾರ್ಚ್ 9

ಪ್ರೀತಿಯ ಅತ್ತಿಗೆಗೆ,

ಪರದೇಶದ ಈ ಶಿಬಿರಕ್ಕೆ ಕ್ಷೇಮವಾಗಿ ಬಂದು ಸೇರಿದೆ. ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಹೇಳಲು ಆದದ್ದು ಅಷ್ಟೇ. ಇಲ್ಲಿ ಫೋನ್ ಹಿಡಿಯಬೇಕೆಂದರೆ ಗುಡ್ಡದ ನೆತ್ತಿಗೆ ಹೋಗಬೇಕು. ಅಲ್ಲಿನ ಗಾಳಿಗೆ ನಾನು ಅಂದದ್ದು ಅಮ್ಮನಿಗೆ ಕೇಳುವುದಿಲ್ಲ, ಅಮ್ಮ ಅಂದದ್ದು ಗುಡ್ಡಕ್ಕೆಲ್ಲ ಕೇಳುತ್ತದೆ. ಅದಕ್ಕೇ ನಿಮಗೆ ಕಾಗದ, ಅದೂ ನಿಮ್ಮ ಕನ್ನಡಕದ ಅಂಗಡಿಯ ವಿಳಾಸಕ್ಕೆ. ಮನೆಗೆ ಹಾಕಿದರೆ ಅಮ್ಮ ಒಡೆದು ಓದಿ, ಸಂಜೆ ನಿಮಗೆ ಸಾರಾಂಶ ಹೇಳುತ್ತಾಳೆ.

ಒಂದು ಕೆರೆ, ಅದರ ದಡದಲ್ಲಿ ಉದ್ದನೆಯ ಮರದ ಕಟ್ಟಡ, ಹಿಂದೆ ಕಾಡು. ಕಟ್ಟಡದ ಬೆನ್ನಿಗೆ ಹಲಗೆ ಹೊಡೆದು ಎಬ್ಬಿಸಿದ, ಮೂರು ಮಹಡಿ ಎತ್ತರದ ಹತ್ತುವ ಗೋಡೆ. ವಾರಕ್ಕೊಂದು ತಂಡ ಬರುತ್ತದೆ: ಒಮ್ಮೆ ಶಾಲೆಯ ಮಕ್ಕಳು, ಒಮ್ಮೆ ಯಾವುದೋ ಕಚೇರಿಯವರು. ಅವರಿಗೆ ಗೋಡೆ ಹತ್ತಿಸುವುದು, ದೋಣಿ ನಡೆಸಲು ಕಲಿಸುವುದು, ನಕ್ಷೆ ಕೈಗೆ ಕೊಟ್ಟು ಕಾಡಿನಲ್ಲಿ ನಡೆಸುವುದು ನಮ್ಮ ಕೆಲಸ. ಸಂಬಳವಿಲ್ಲ, ಊಟ, ಹಾಸಿಗೆ ಉಂಟು. ಆರು ತಿಂಗಳು.

ಶಿಬಿರದ ಮುಖ್ಯಸ್ಥೆ ಉದ್ದ ಕಾಲಿನ ಹೆಂಗಸು. ನೀರಿನ ಅಂಚಿನಲ್ಲೇ ಸದಾ ನಡೆದಾಡುತ್ತಾಳೆ. ಮನಸ್ಸಿನಲ್ಲೇ ಕೊಕ್ಕರೆ ಎಂದು ಹೆಸರಿಟ್ಟಿದ್ದೇನೆ. ನನ್ನ ಕೋಣೆ ತೋರಿಸಿದಳು. ಪಕ್ಕದ ಕೋಣೆಯ ಬಾಗಿಲಿನ ಮೇಲೆ ಅಣ್ಣನ ಹೆಸರಿನ ಚೀಟಿ ಇತ್ತು. ಅರ್ಜಿ ಹಾಕಿದ್ದು ಇಬ್ಬರೂ ತಾನೇ. ನಾನೊಬ್ಬಳೇ ಬರುವುದು ಎಂದು ತಿಳಿಸಿದ್ದೆ. ಹಾಸಿಗೆ ಹಾಕುವವರಿಗೆ ಆ ಸುದ್ದಿ ಮುಟ್ಟಿರಲಿಲ್ಲ. 'ನಿಮ್ಮಣ್ಣ ಹಿಂದಿನಿಂದ ಬರ್ತಾರಾ?' ಎಂದಳು. ಅವಳ ಭಾಷೆಯಲ್ಲಿ ತೀರಿಕೊಂಡರು ಎನ್ನುವುದಕ್ಕೆ ಮರ್ಯಾದೆಯ ಮಾತು ನನಗೆ ಗೊತ್ತಿಲ್ಲ. 'ಸತ್ತ' ಎಂದೆ. ಅವಳು ಚೀಟಿ ಕಿತ್ತು ಜೇಬಿನಲ್ಲಿಟ್ಟುಕೊಂಡಳು. ನನಗೆ ಏನೂ ಅನ್ನಿಸಲಿಲ್ಲ. ಊಟ ಎಷ್ಟು ಹೊತ್ತಿಗೆ ಎಂದು ಕೇಳಿದೆ.

ನೀವು ಹೇಗಿದ್ದೀರಿ?

ನಿಮ್ಮ
ಕೋತಿ


ಮಾರ್ಚ್ 30

ಕೋತಿಗೆ ಆಶೀರ್ವಾದ.

ಕಾಗದ ಬಂತು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಅಲ್ಲೇ ನಿಂತು ಓದಿದೆ. ಚೀಟಿಯ ವಿಷಯ ಎರಡು ಸಲ ಓದಿದೆ. ನನಗೂ ಏನೂ ಅನ್ನಿಸಲಿಲ್ಲ. ಹೇಳಿದ್ದು ಒಳ್ಳೆಯದಾಯಿತು.

ಇಲ್ಲಿ ಎಲ್ಲ ಹಾಗೇ ಇದೆ. ಬೆಳಿಗ್ಗೆ ಅತ್ತೆ ಎದ್ದು ರೇಡಿಯೋ ಹಚ್ಚುತ್ತಾರೆ, ನಾನು ಎದ್ದು ಆರಿಸುತ್ತೇನೆ. ಒಂಬತ್ತೂವರೆಗೆ ಅಂಗಡಿ. ದಿನವಿಡೀ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತಾ 'ಈಗ ಸ್ಪಷ್ಟವೋ, ಮೊದಲು ಸ್ಪಷ್ಟವೋ' ಎಂದು ಕೇಳುತ್ತೇನೆ. ಮೊನ್ನೆ ಒಬ್ಬ ಮುದುಕ, 'ಎರಡೂ ಒಂದೇ ಥರ ಇದೆಯಮ್ಮ' ಎಂದ. ನನಗೂ ಹಾಗೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ನೀನು ಹೋದ ಮೇಲೆ ಮನೆಯ ನಲ್ಲಿ ಕೆಟ್ಟಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರು ಬಂದು ಸರಿಮಾಡಿಕೊಟ್ಟರು. ಅತ್ತೆ ಅವರಿಗೆ ಚಹಾ ಕೊಟ್ಟು, ಎದುರಿಗೇ ಕೂತು, ಅವರ ಮೂರು ತಲೆಮಾರು ವಿಚಾರಿಸಿಕೊಂಡರು.

ನಿಮ್ಮಣ್ಣನ ಬೀರು ಹಾಗೇ ಇದೆ. ತೆರೆದಿಲ್ಲ. ನಮ್ಮ ಬಗ್ಗೆ ಯೋಚನೆ ಮಾಡಬೇಡ. ಕೆಲಸ ಹೇಗೆ ನಡೆದಿದೆ ಬರಿ. ಅತ್ತೆಗೆ ಓದಿ ಹೇಳಬೇಕು.

ನಿನ್ನ
ಅತ್ತಿಗೆ


ಏಪ್ರಿಲ್ 21

ಪ್ರೀತಿಯ ಅತ್ತಿಗೆಗೆ,

ಅಮ್ಮನಿಗೆ ಓದಿ ಹೇಳಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ತಂಡವನ್ನು ಗೋಡೆಯ ಮುಂದೆ ಸಾಲಾಗಿ ನಿಲ್ಲಿಸುತ್ತೇವೆ. ನನ್ನ ಜೊತೆ ಇನ್ನೊಬ್ಬರಿದ್ದಾರೆ, ದಪ್ಪ ಮೀಸೆಯವರು, ಇದೇ ಕೆಲಸದಲ್ಲಿ ತಲೆ ನೆರೆತವರು. ಹತ್ತುವವರ ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಅದಕ್ಕೆ ಹಗ್ಗ ಕಟ್ಟುತ್ತೇವೆ. ಹಗ್ಗ ಗೋಡೆಯ ತುದಿಯ ಬಳೆಯೊಳಗೆ ಹಾದು ಕೆಳಗಿಳಿದು, ನೆಲದ ಮೇಲೆ ನಿಂತವರ ಸೊಂಟದ ಪಟ್ಟಿಗೆ ಬರುತ್ತದೆ. ಮೇಲಿನವರು ಒಂದು ಹೆಜ್ಜೆ ಹತ್ತಿದರೆ ಕೆಳಗಿನವರು ಒಂದು ಮೊಳ ಎಳೆದುಕೊಳ್ಳಬೇಕು. ಅವರು ಕೈಬಿಟ್ಟರೆ ಭಾರವೆಲ್ಲ ಕೆಳಗಿನವರ ಸೊಂಟಕ್ಕೆ. ಮಕ್ಕಳಿಗೆ ನಾನು ಹೇಳುವುದು ಇಷ್ಟೇ: 'ಹತ್ತೋರ ಧೈರ್ಯ ಮೇಲಿರಲ್ಲ, ಕೆಳಗೆ ಹಗ್ಗ ಹಿಡಿದೋರ ಸೊಂಟದಲ್ಲಿರುತ್ತೆ. ಮೇಲೆ ನೋಡ್ಬೇಡಿ, ಕೆಳಗೂ ನೋಡ್ಬೇಡಿ, ಮೂಗಿನ ಮುಂದಿರೋ ಕಲ್ಲು ನೋಡಿ.' ಭಾಷೆ ಅರ್ಧ ತಪ್ಪುತ್ತದೆ. ಮಕ್ಕಳು ನಗುತ್ತವೆ, ನಗುತ್ತಲೇ ಹತ್ತುತ್ತವೆ.

ಮಧ್ಯಾಹ್ನ ದೋಣಿ. ಹುಟ್ಟು ಹಾಕಲು ಬರದವರು ಒಂದೇ ಕಡೆ ಹಾಕಿ ಹಾಕಿ ಗಾಣದೆತ್ತಿನ ಹಾಗೆ ಸುತ್ತುತ್ತಾರೆ. ಹಸಿವು ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ. ಕೈಗಳು ಗಟ್ಟಿಯಾಗಿವೆ.

ಅಮ್ಮನಿಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿ. ನೀವು ಹೇಳಿದರೆ ಮಾತ್ರ ಕೇಳುತ್ತಾಳೆ.

ನಿಮ್ಮ
ಕೋತಿ


ಮೇ 16

ಕೋತಿಗೆ,

ಅತ್ತೆಗೆ ನಿನ್ನ ಕಾಗದ ಓದಿ ಹೇಳಿದೆ. 'ಧೈರ್ಯ ಸೊಂಟದಲ್ಲಿರುತ್ತೆ' ಎನ್ನುವಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು. 'ಇದು ಇವಳ ಮಾತಲ್ಲ' ಎಂದರು. ಹೌದು, ಅದು ನಿಮ್ಮಣ್ಣನ ಮಾತೇ. ಅವರು ಡ್ರಿಲ್ ಮಾಸ್ತರಾಗಿದ್ದ ಶಾಲೆಯ ಮಕ್ಕಳನ್ನು ಪ್ರತಿ ಭಾನುವಾರ ಬಂಡೆ ಹತ್ತಿಸಲು ಕರೆದುಕೊಂಡು ಹೋಗುವಾಗ ಇದನ್ನೇ ಹೇಳುತ್ತಿದ್ದರು. ಕೊನೆಗೆ ಜ್ವರ ಬಂದು ನಾಲ್ಕು ದಿನ ಮಲಗಿದ ಆ ವಾರ ಬಿಟ್ಟರೆ ಬೇರಾವ ವಾರವೂ ಹೇಳದೆ ಬಿಟ್ಟದ್ದು ನನಗೆ ನೆನಪಿಲ್ಲ.

ನೀನು ಗೆಲುವಾಗಿದ್ದೀಯ. ಸಂತೋಷ. ಅವರ ಮಾತನ್ನು ಅಷ್ಟು ಸಲೀಸಾಗಿ ಆಡಲು ನಿನಗೆ ಆಗುತ್ತಿದೆ. ನನಗೆ ಅವರ ಹೆಸರು ಬಾಯಿಗೆ ಬರುವುದಿಲ್ಲ. ಅದನ್ನು ದೂರು ಎಂದು ತಿಳಿಯಬೇಡ.

ನೀನು ಸೆಪ್ಟೆಂಬರ್ ಹೊತ್ತಿಗೆ ಬರುತ್ತೀಯಲ್ಲವೇ?

ಅಂಗಡಿಯಲ್ಲಿ ಹೊಸ ಯಂತ್ರ ಬಂದಿದೆ. ಗಲ್ಲ ಇಟ್ಟರೆ ಕಣ್ಣಿನ ನಂಬರು ತಾನೇ ಹೇಳುತ್ತದೆ. ಹಿಂದಿನ ಕೋಣೆಯವರು ಅದರ ಮುಂದೆ ಗಲ್ಲವಿಟ್ಟು, 'ನನಗೆ ಮುಂದೇನಿದೆ ಅಂತಾನೂ ಹೇಳುತ್ತಾ?' ಎಂದು ಕೇಳಿದರು. ಮಾಲೀಕರು ನಕ್ಕರು. ಅತ್ತೆ ಚೆನ್ನಾಗಿದ್ದಾರೆ. ಮಂಡಿಗೆ ಎಣ್ಣೆ ಹಚ್ಚುತ್ತಿದ್ದೇನೆ.

ಬರುವುದು ಯಾವಾಗ ಎಂದು ಖಚಿತವಾಗಿ ತಿಳಿಸು.

ನಿನ್ನ
ಅತ್ತಿಗೆ


ಜೂನ್ 8

ಪ್ರೀತಿಯ ಅತ್ತಿಗೆಗೆ,

ಯಾವಾಗ ಬರುತ್ತೀಯ ಎಂದು ಒಂದೇ ಕಾಗದದಲ್ಲಿ ಎರಡು ಸಲ ಕೇಳಿದ್ದೀರಿ. ಅಮ್ಮ ಏನಾದರೂ ರಗಳೆ ಮಾಡುತ್ತಿದ್ದಾಳೆಯೇ? ಅವಳ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕೊಕ್ಕರೆ ಮೊನ್ನೆ ಕರೆದು, ಬರುವ ವರ್ಷದ ಮಾರ್ಚ್‌ವರೆಗೂ ಇರುತ್ತೀಯಾ ಎಂದು ಕೇಳಿದಳು. ಇರುತ್ತೇನೆ ಎಂದೆ. ಯೋಚನೆ ಮಾಡಲು ಒಂದು ದಿನ ತಗೋ ಎಂದಳು. ಬೇಡ ಎಂದೆ.

ಅಮ್ಮನ ಜೊತೆ ನೀವಿದ್ದೀರಿ ಎನ್ನುವ ಧೈರ್ಯದ ಮೇಲೆ ನಾನು ಇಲ್ಲಿದ್ದೇನೆ. ನೀವಿಲ್ಲದಿದ್ದರೆ ಹೊರಡುವ ಮಾತೇ ಇರಲಿಲ್ಲ. ಇದನ್ನು ಎದುರಿಗೆ ಎಂದೂ ಹೇಳಿರಲಿಲ್ಲ, ಅದಕ್ಕೇ ಬರೆದೆ.

ನಿಮ್ಮ
ಕೋತಿ


ಜುಲೈ 29

ಕೋತಿಗೆ,

ಕಾಗದ ತಲುಪಿ ಬಹಳ ದಿನವಾಯಿತು. ಕೆಲಸ ಇತ್ತು.

ಸರಿ, ಇರು.

ಮೇಲಿನ ತೊಟ್ಟಿ ಸೋರುತ್ತಿತ್ತು, ಸರಿಮಾಡಿಸಿದೆ. ಅತ್ತೆಯ ಕಣ್ಣಿನ ನಂಬರು ಬದಲಾಗಿದೆ. ಹೊಸ ಕನ್ನಡಕ ಆಯಿತು. ನಿನ್ನ ಕೋಣೆಯ ಕಿಟಕಿ ವಾರಕ್ಕೊಮ್ಮೆ ತೆರೆದಿಡುತ್ತೇನೆ.

ನಿನ್ನ
ಅತ್ತಿಗೆ


ಆಗಸ್ಟ್ 17

ಅತ್ತಿಗೆ,

ನಿಮ್ಮ ಕಾಗದ ಅರ್ಧ ಹಾಳೆಯೂ ಇರಲಿಲ್ಲ. ಗುಡ್ಡದ ಮೇಲೆ ಹೋಗಿ ಫೋನ್ ಮಾಡಿದೆ. ಅಮ್ಮ ಎತ್ತಿದಳು. ಅತ್ತಿಗೆಗೆ ಕೊಡು ಎಂದರೆ, 'ಅವಳು ಬಟ್ಟೆ ಒಣಗಿಸ್ತಿದ್ದಾಳೆ, ನೀನು ಉಂಡ್ಯಾ?' ಎಂದಳು.

ನೀವು ಕೋಪಿಸಿಕೊಂಡಿದ್ದೀರಿ. ಏಕೆಂದೂ ಗೊತ್ತು. ಅಣ್ಣ ಹೋಗಿ ವರ್ಷ ತುಂಬುವ ಮೊದಲೇ ಇವಳು ಹಗ್ಗ, ಗೋಡೆ ಎಂದು ಕುಣಿಯುತ್ತಿದ್ದಾಳೆ, ಅವನ ಮಾತನ್ನು ಬಾಯಿಪಾಠ ಒಪ್ಪಿಸುತ್ತಿದ್ದಾಳೆ ಎಂದು ತಾನೇ? ಹಾಗಾದರೆ ಕೇಳಿ.

ನಾನು ಒಬ್ಬರಿಗೂ ಗೋಡೆ ಹತ್ತಿಸಿಲ್ಲ. ಮೊದಲನೇ ದಿನ ಮೀಸೆಯವರು ಹಗ್ಗ ಕೊಟ್ಟರು. ಕೊಂಡಿ ಹಾಕಿಕೊಂಡೆ. ಒಂದು ಹುಡುಗಿ ಹತ್ತಲು ಶುರುಮಾಡಿದಳು. ಅವಳು ನನ್ನ ತಲೆಗಿಂತ ಮೇಲೆ ಹೋದಾಗ ನೋಡಿದರೆ, ಹಗ್ಗ ಕೈಯಲ್ಲಿರುವುದು ಕಣ್ಣಿಗೆ ಕಾಣುತ್ತಿದೆ, ಕೈಗೆ ಗೊತ್ತಾಗುತ್ತಿಲ್ಲ. ಹೆದರಿಕೆಯೂ ಅಲ್ಲ. ಹೆದರಿಕೆಯಾಗಿದ್ದರೆ ಎದೆಯಾದರೂ ಹೊಡೆದುಕೊಳ್ಳುತ್ತಿತ್ತು. 'ನೀವು ತಗೊಳ್ಳಿ' ಎಂದೆ. ಅವರು ಏನೂ ಕೇಳದೆ ತೆಗೆದುಕೊಂಡರು. ಅಂದಿನಿಂದ ನಾನು ಹಗ್ಗ ತೊಳೆದು ನೆರಳಲ್ಲಿ ಒಣಗಿಸುತ್ತೇನೆ, ಹೆಲ್ಮೆಟ್ ಒರೆಸುತ್ತೇನೆ, ದೋಣಿ ದಡಕ್ಕೆ ಎಳೆಯುತ್ತೇನೆ. ದೋಣಿ ಕಲಿಸುತ್ತೇನೆ, ಅದು ನಿಜ. ಅಲ್ಲಿ ನೀರೇ ಹೊರುತ್ತದೆ, ನಾನು ಯಾರನ್ನೂ ಹಿಡಿಯಬೇಕಾಗಿಲ್ಲ. ನಿಮಗೆ ಬರೆದದ್ದೆಲ್ಲ ಅಣ್ಣ ಭಾನುವಾರ ಮಾಡುತ್ತಿದ್ದದ್ದು. ಅಮ್ಮನಿಗೆ ಓದಿ ಹೇಳಲು ಬೇರೇನೂ ನನ್ನ ಬಳಿ ಇರಲಿಲ್ಲ.

ಹಾಗಿದ್ದೂ ಇಲ್ಲೇಕೆ ಇರುತ್ತೀಯ ಎಂದರೆ, ಇಲ್ಲಿ ಯಾರೂ ನನ್ನ ಮುಖ ನೋಡಿ 'ಅತ್ತುಬಿಡು, ಹಗುರಾಗುತ್ತೆ' ಎನ್ನುವುದಿಲ್ಲ. ನಾನು ಅತ್ತಿಲ್ಲ ಅತ್ತಿಗೆ. ಆಸ್ಪತ್ರೆಯಲ್ಲೂ ಇಲ್ಲ, ಆಮೇಲೂ ಇಲ್ಲ. ನೀವೂ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕುತ್ತಿದ್ದಿರಿ. ಅದನ್ನು ನೋಡಿ ನನಗೆ ಸಮಾಧಾನವಾಗಿತ್ತು, ನಾನೊಬ್ಬಳೇ ಅಲ್ಲ ಎಂದು.

ಬೈಯುವುದಾದರೆ ಉದ್ದವಾಗಿ ಬೈದು ಬರೆಯಿರಿ.

ಕೋತಿ


ಸೆಪ್ಟೆಂಬರ್ 5

ಕೋತಿಗೆ,

ನನಗೆ ಕೋಪವಿರಲಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ. ನೀನು ಚೆನ್ನಾಗಿದ್ದೀಯ ಎಂದೇ ನಂಬಿದ್ದೆ. ನಂಬಿ ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟೆ.

ಸಣ್ಣ ಕಾಗದ ಬರೆದದ್ದಕ್ಕೆ ಕಾರಣ ಬೇರೆ. ಮೇ ತಿಂಗಳಲ್ಲಿ ಹಿಂದಿನ ಕೋಣೆಯವರು, ಅಂಗಡಿ ಮುಚ್ಚುವ ಹೊತ್ತಿಗೆ, ಕೈಯಲ್ಲಿದ್ದ ಕನ್ನಡಕ ಒರೆಸುತ್ತಾ, 'ನಾವಿಬ್ಬರೂ ಮದುವೆ ಆಗಬಹುದಾ, ಯೋಚನೆ ಮಾಡಿ' ಎಂದರು. ಮದುವೆಯಾಗದೆ ಉಳಿದವರು, ನನಗಿಂತ ಐದಾರು ವರ್ಷ ದೊಡ್ಡವರು. ಮಾತು ಕಡಿಮೆ. ಅಷ್ಟು ಹೇಳಿ ಒಳಗೆ ಹೋಗಿ ಯಂತ್ರ ಆರಿಸಿದರು. ನನಗೆ ಸಂತೋಷವಾಗಲಿಲ್ಲ, ಕೋಪ ಬರಲಿಲ್ಲ. ಪಾತ್ರೆ ತೊಳೆಯುವಾಗ ಕೈ ಮರಗಟ್ಟಿ ನೀರು ಬಿಸಿಯೋ ತಣ್ಣಗೋ ತಿಳಿಯದೆ ಹೋಗುತ್ತದಲ್ಲ, ಹಾಗಿತ್ತು. ನೀನು ಸೆಪ್ಟೆಂಬರಿಗೆ ಬಂದರೆ ಎದುರಿಗೆ ಕೂತು ಕೇಳೋಣ ಎಂದುಕೊಂಡೆ. ಅದಕ್ಕೇ ಎರಡು ಸಲ ಕೇಳಿದ್ದು. ನೀನು, ನಾನಿರುವ ಧೈರ್ಯದ ಮೇಲೆ ಅಲ್ಲಿದ್ದೇನೆ ಎಂದು ಬರೆದೆ. ಆಮೇಲೆ ನನ್ನ ಪೆನ್ನಿಗೆ ತೊಟ್ಟಿ, ಕಿಟಕಿ ಬಿಟ್ಟು ಬೇರೇನೂ ಸಿಗಲಿಲ್ಲ. ಅವರಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ. ಅವರು, 'ಸರಿ' ಎಂದರು.

ಅತ್ತೆ ಹೊಸ ಕನ್ನಡಕ ತರಲು ಅಂಗಡಿಗೆ ಬಂದಿದ್ದರು. ಹಾಕಿಕೊಂಡು ಅವರನ್ನು ನೋಡಿದರು, ನನ್ನನ್ನು ನೋಡಿದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು.

'ಏನಂದೆ ಅವನಿಗೆ?'

'ಯಾರಿಗೆ ಅತ್ತೆ?'

'ಕನ್ನಡಕ ನಿನ್ನೆ ಮೊನ್ನೆದು, ಕಣ್ಣು ಎಪ್ಪತ್ತು ವರ್ಷದ್ದು. ಏನಂದೆ?'

'ಆಗಲ್ಲ ಅಂದೆ.'

'ಯಾಕೆ?'

ನಾನು ಚಪ್ಪಲಿ ಬಿಟ್ಟು ಜೋಡಿಸಿಟ್ಟೆ. ಅವರೇ ಹೇಳಿದರು: 'ನನ್ನನ್ನ ಯಾರು ನೋಡ್ಕೋತಾರೆ ಅಂತ ತಾನೇ? ನಾನೇನು ಹಾಲಿನ ಪಾತ್ರೆನಾ, ಒಬ್ಬರು ಎದುರಿಗೆ ನಿಂತು ನೋಡ್ಕೊಳ್ಳೋಕೆ? ಉಕ್ಕಿದ್ರೆ ನಾನೇ ಇಳಿಸ್ಕೋತೀನಿ.'

'ಜನ ಏನಂತಾರೆ?'

'ನನ್ನ ಮಗ ಹೋದಾಗ ಜನ ಬಂದು ಏನಂದ್ರು, ನಿನಗೆ ನೆನಪಿದೆಯಾ? ನನಗೊಂದೂ ನೆನಪಿಲ್ಲ. ಇದೂ ಹಾಗೇ.'

ಅಷ್ಟು ಹೇಳಿ ಮಂಡಿಗೆ ತಾವೇ ಎಣ್ಣೆ ಹಚ್ಚಿಕೊಂಡರು. ನನಗೆ ಬಿಡಲಿಲ್ಲ.

ಮಾರನೇ ವಾರ ಅವರೇ ಅಂಗಡಿಗೆ ಹೋಗಿ ಮಾತಾಡಿ ಬಂದಿದ್ದಾರೆ, ಫ್ರೇಮ್ ಸಡಿಲವಾಗಿದೆ ಎಂಬ ನೆಪ ಮಾಡಿಕೊಂಡು. ಈ ಸಲ ನಾನು ಬೇಡ ಎನ್ನಲಿಲ್ಲ. ನವೆಂಬರಿನಲ್ಲಿ ನೋಂದಣಿ ಕಚೇರಿಯಲ್ಲಿ ಮದುವೆ. ನಮ್ಮ ಬೀದಿಯ ಕೊನೆಯಲ್ಲೇ ಅವರ ಮನೆ. ನಿನ್ನ ಕೋಣೆಯನ್ನು ಬಿಟ್ಟು, ಮುಂದಿನ ಕೋಣೆಯನ್ನು ಅತ್ತೆ ಒಬ್ಬ ನರ್ಸಮ್ಮನಿಗೆ ಬಾಡಿಗೆಗೆ ಕೊಡುತ್ತಾರಂತೆ. 'ಮಂಡಿಗೆ ಅವಳೇ ಸರಿ' ಎನ್ನುತ್ತಾರೆ.

ನಿನ್ನನ್ನು ಬಾ ಎನ್ನುತ್ತಿಲ್ಲ. ಒಪ್ಪಿಗೆ ಕೇಳುತ್ತಿದ್ದೇನೋ ಏನೋ, ನನಗೇ ತಿಳಿಯದು. ನಿಮ್ಮಣ್ಣನ ಬೀರು ತೆರೆಯಬೇಕು. ನಿನಗೆ ಏನು ಬೇಕೋ ಬರಿ, ಉಳಿದದ್ದನ್ನು ಕೊಟ್ಟುಬಿಡುತ್ತೇನೆ.

ನಿನ್ನ
ಅತ್ತಿಗೆ


ಅಕ್ಟೋಬರ್ 19

ಅತ್ತಿಗೆ,

ತಡವಾಯಿತು. ನಿಮ್ಮ ಕಾಗದ ಓದಿ ಮಡಚಿ ಜಾಕೆಟ್ಟಿನ ಜೇಬಿನಲ್ಲಿಟ್ಟು, ದೋಣಿಗಳನ್ನು ಎಳೆಯಲು ಹೋದೆ. ಅಷ್ಟೇ. ಎರಡು ವಾರ ಹಾಗೇ ಓಡಾಡಿದೆ. ಸರಿ ಅನ್ನಿಸಲಿಲ್ಲ, ತಪ್ಪು ಅನ್ನಿಸಲಿಲ್ಲ. ಅಣ್ಣನನ್ನು ನೆನೆದು ಕೆಟ್ಟದೆನ್ನಿಸಬೇಕು ಎಂದು ಪ್ರಯತ್ನ ಮಾಡಿದೆ. ಅದೂ ಆಗಲಿಲ್ಲ.

ಕಳೆದ ವಾರ ನಿವೃತ್ತ ಹೆಂಗಸರ ತಂಡವೊಂದು ಬಂತು. ಅವರಲ್ಲೊಬ್ಬರು ಬೇಕರಿ ನಡೆಸಿ ಮಕ್ಕಳಿಗೆ ಬಿಟ್ಟುಕೊಟ್ಟವರು. ಅಮ್ಮನಷ್ಟೇ ವಯಸ್ಸು, ಅಮ್ಮನ ಎರಡರಷ್ಟು ತೂಕ. ಉಳಿದವರು ಕೆರೆದಂಡೆಯಲ್ಲಿ ನಡೆದಾಡಲು ಹೋದರೆ ಇವರು ಮಾತ್ರ ಗೋಡೆ ಹತ್ತಬೇಕೆಂದು ಹೆಲ್ಮೆಟ್ ಹಾಕಿಕೊಂಡು ನಿಂತರು. ಮೀಸೆಯವರಿಗೆ ಬೆನ್ನು ಹಿಡಿದು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಕೊಕ್ಕರೆ ನನ್ನ ಕಡೆ ನೋಡಿದಳು. 'ನಾನು ಪಕ್ಕದಲ್ಲಿರ್ತೀನಿ' ಎಂದಳು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬೇಕರಿಯಮ್ಮ ನನ್ನ ಮುಂದೆ ಬಂದು, ಎರಡು ಕೈ ಎತ್ತಿ, ಅಂಗಿ ಹಾಕಿಸುವಾಗ ಮಗು ನಿಲ್ಲುತ್ತದಲ್ಲ, ಹಾಗೆ ನಿಂತರು, ಪಟ್ಟಿ ಬಿಗಿಯಲಿ ಎಂದು. ಬಿಗಿದೆ.

ನಿಧಾನವಾಗಿ ಹತ್ತಿದರು. ನಾನು ಎಳೆದುಕೊಳ್ಳುತ್ತಾ ಹೋದೆ, ಯಂತ್ರದ ಹಾಗೆ. ಅರ್ಧಕ್ಕೆ ಹೋಗಿ ನಿಂತರು.

'ಹಿಡಿದಿದ್ದೀಯಾ?' ಎಂದು ಕೂಗಿದರು.

'ಹಿಡಿದಿದ್ದೀನಿ.'

'ನಾನು ಭಾರ ಇದ್ದೀನಿ.'

'ಗೊತ್ತು.'

ಕೈಬಿಟ್ಟರು. ಬೀಳಲಿಲ್ಲ, ಬೇಕೆಂದೇ ಬಿಟ್ಟು ಹಗ್ಗದ ಮೇಲೆ ಕೂತರು. ಅವರ ಭಾರ ಒಮ್ಮೆಗೇ ನನ್ನ ಸೊಂಟಕ್ಕೆ ಬಂತು. ಹಿಮ್ಮಡಿ ನೆಲಬಿಟ್ಟಿತು. ಕೊಕ್ಕರೆ ನನ್ನ ಪಟ್ಟಿ ಹಿಡಿದಳು, ನಾನು ಮತ್ತೆ ಊರಿಕೊಂಡೆ. ಬೇಕರಿಯಮ್ಮ ಅಲ್ಲೇ ತೂಗಾಡುತ್ತಾ ಕೆರೆ ನೋಡಿದರು. ಅಲ್ಲಿಂದ ಏನೇನು ಕಾಣುತ್ತದೆ ಎಂದು ಒಂದೊಂದಾಗಿ ಹೇಳಿದರು: ಗೆಳತಿಯರು, ಅಡುಗೆಮನೆಯ ಹೊಗೆ, ಮಗುಚಿಟ್ಟ ದೋಣಿಗಳು. ಬಹಳ ಹೊತ್ತು. ನನ್ನ ಕೈ ಉರಿಯುತ್ತಿತ್ತು. ಮೇಲೆ ಹೋಗುತ್ತೀರಾ ಎಂದು ಕೇಳಿದೆ. 'ಬೇಡ, ನನಗೆ ಇಷ್ಟೇ ಬೇಕಿತ್ತು' ಎಂದರು. ಇಳಿಸಿದೆ.

ಸಂಜೆ ಸ್ನಾನಕ್ಕೆ ಹೋದಾಗ ಸೊಂಟದ ಸುತ್ತ ಪಟ್ಟಿ ಒತ್ತಿದ ಕೆಂಪು ಗೆರೆ. ಮುಟ್ಟಿದರೆ ನೋವು. ನೋವು ಎಂದು ಗೊತ್ತಾಯಿತು. ಇನ್ನೇನೂ ಆಗಲಿಲ್ಲ. ಅತ್ತುಬಿಟ್ಟೆ ಎಂದೆಲ್ಲ ತಿಳಿಯಬೇಡಿ. ಆದರೆ ಊಟ ಮಾಡಿ, ನಿಮ್ಮ ಕಾಗದ ತೆಗೆದು ಮತ್ತೆ ಓದಿದೆ. ಈ ಸಲ ಅದರಲ್ಲಿ ನೀವಿದ್ದಿರಿ. ಕನ್ನಡಕ ಒರೆಸುವವರ ಮುಂದೆ ನಿಂತು ಆಗುವುದಿಲ್ಲ ಎಂದವರು. ನನಗಾಗಿ ಹಾಗೆ ಅಂದವರು.

ಮದುವೆಯಾಗಿ ಅತ್ತಿಗೆ. ಶಿಬಿರ ಡಿಸೆಂಬರಿನಲ್ಲಿ ಕೆಲವು ವಾರ ಮುಚ್ಚುತ್ತದೆ. ಆಗ ಹೊರಟುಬಿಡುತ್ತೇನೆ ಎಂದು ಕೊಕ್ಕರೆಗೆ ಹೇಳಿದೆ. 'ಮಾರ್ಚ್ ಅಂದಿದ್ದೆ' ಎಂದಳು. 'ಹೌದು, ಅಂದಿದ್ದೆ' ಎಂದೆ. ಉಳಿದ ತಂಡಗಳಿಗೆ ಹಗ್ಗ ಹಿಡಿದು ಹೋಗು ಎಂದಳು.

ಬೀರುವಿನಿಂದ ಏನೂ ಬೇಡ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ನೋಡಿದರೆ ಕಾಣುತ್ತದೆ. ಮೊಣಕೈ ಹರಿದ ಸ್ವೆಟರ್ ಇಡಿ. ಹೊಲಿಯಬೇಡಿ.

ನಿಮ್ಮನ್ನು ಇನ್ನು ಏನೆಂದು ಕರೆಯುವುದು ಎಂದೂ ಯೋಚಿಸಿದೆ. ಅವರಿಗೆ ತಂಗಿಯರಿದ್ದರೆ ಅವರೂ ಅತ್ತಿಗೆ ಎನ್ನುತ್ತಾರೆ. ಅನ್ನಲಿ. ಮೊದಲು ಕರೆದವಳು ನಾನು.

ನಿಮ್ಮ
ಕೋತಿ


ನವೆಂಬರ್ 22

ಕೋತಿಗೆ,

ನಿನ್ನೆ ಆಯಿತು. ಬೆಳಿಗ್ಗೆ ಹನ್ನೊಂದಕ್ಕೆ ನೋಂದಣಿ ಕಚೇರಿ. ನಾನು, ಅವರು, ಅಂಗಡಿಯ ಮಾಲೀಕರು ಮತ್ತವರ ಹೆಂಡತಿ, ಅತ್ತೆ. ಅತ್ತೆ ಹೊಸ ಸೀರೆ ಉಟ್ಟು, ನನಗಿಂತ ಮೊದಲೇ ತಯಾರಾಗಿ ಬಾಗಿಲಲ್ಲಿ ನಿಂತಿದ್ದರು.

ಗುಮಾಸ್ತರು ಸಾಕ್ಷಿ ಯಾರು ಎಂದರು. ಅತ್ತೆ ಮುಂದೆ ಬಂದರು.

'ನೀವು ಇವರಿಗೆ ಏನಾಗಬೇಕು?'

'ಅತ್ತೆ.'

'ಹಾಗಾದ್ರೆ ಹುಡುಗನ ತಾಯಿ.'

'ಅಲ್ಲ.'

ಗುಮಾಸ್ತರು ಪೆನ್ನು ಎತ್ತಿ ನಮ್ಮೆಲ್ಲರ ಮುಖ ನೋಡಿದರು. 'ಮತ್ತೆ ಅತ್ತೆ ಹೇಗಾಗ್ತೀರಿ?'

'ಅದು ದೊಡ್ಡ ಕಥೆ, ನಮ್ಮ ಹಿಂದೆ ಜನ ಕಾಯ್ತಿದ್ದಾರೆ. ಅತ್ತೆ ಅಂತ ಬರ್ಕೊಳ್ಳಿ. ಯಾವ ಅತ್ತೆ ಅಂತ ಅಲ್ಲೇನೂ ಕೇಳಿಲ್ಲವಲ್ಲ?'

ಕೇಳಿರಲಿಲ್ಲ. ಬರೆದುಕೊಂಡರು. ಅತ್ತೆ ಸಹಿ ಮಾಡಿದರು, ಒಂದೊಂದು ಅಕ್ಷರಕ್ಕೂ ನಿಂತು. ನಾನೂ ಮಾಡಿದೆ. ನೀರಿನ ಬಿಲ್ಲಿಗೆ ಸಹಿ ಮಾಡಿದ ಹಾಗಿತ್ತು. ಮಾಲೀಕರು ಕೈ ಕುಲುಕಿದರು. ಹಿಂದಿನ ಕೋಣೆಯವರು ನನ್ನ ಕಡೆ ನೋಡಿ, ಏನೋ ಹೇಳಬೇಕೆಂದು, 'ಬಿಸಿಲು ಜಾಸ್ತಿ ಇದೆ' ಎಂದರು.

ಹೊರಗೆ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಿದ್ದೆವು. ಅತ್ತೆಗೆ ಬಗ್ಗಿ ಬಕಲ್ ಹಾಕಿಕೊಳ್ಳಲು ಮಂಡಿ ಬಿಡಲಿಲ್ಲ. ಅವರು ಹಾಕಿಕೊಡಲು ಬಗ್ಗಿದರು. 'ನೀನು ಬಿಡಪ್ಪ' ಎಂದರು ಅತ್ತೆ, 'ಇದು ನನ್ನ ಸೊಸೆ ಕೆಲಸ.'

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು, ಅವರ ಪಾದ ತೊಡೆಯ ಮೇಲಿಟ್ಟುಕೊಂಡು ಬಕಲ್ ಹಾಕಿದೆ. ಹಾಕಿ ಆಯಿತು. ಏಳಲಾಗಲಿಲ್ಲ, ಕೋತಿ. ಎಲ್ಲಿತ್ತೋ ಏನೋ, ಅಳು ಬಂತು. ಸದ್ದು ಮಾಡಿ ಅತ್ತುಬಿಟ್ಟೆ, ಚಿಕ್ಕ ಹುಡುಗಿಯ ಹಾಗೆ. ಜನ ಹತ್ತಿ ಇಳಿದು ಮಾಡುತ್ತಿದ್ದರು. ಒಬ್ಬಾಕೆ ನಿಂತು, ಏನಾಯಿತಮ್ಮ ಎಂದು ಕೇಳಿದರು.

ಅತ್ತೆಯ ಕೈ ನನ್ನ ತಲೆಯ ಮೇಲಿತ್ತು. ಅವರು ಪಾದ ತೆಗೆಯಲಿಲ್ಲ.

'ಏನಿಲ್ಲ' ಎಂದರು ಆಕೆಗೆ. 'ಬಕಲ್ ಸ್ವಲ್ಪ ಬಿಗಿ.'

ನಿನ್ನ
ಅತ್ತಿಗೆ